ನಿಧಾನಿಸಲು ಯಾರಿಗಿದೆ ಪುರುಸೊತ್ತು?

ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಹೆದ್ದಾರಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾದಾಗ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಮಾತು: ಮೂರು ಗಂಟೆಯ ದಾರಿ ಇನ್ನು ಎಪ್ಪತ್ತೈದು ನಿಮಿಷ. ದಾರಿಯೇನೋ ಸಲೀಸಾಯಿತು, ಆದರೆ ಅದೇ ಬೇಸಿಗೆಯಲ್ಲಿ ಅಪಘಾತದ ಸುದ್ದಿಗಳೂ ಪತ್ರಿಕೆಗಳಿಗೆ ಮಾಮೂಲಾದವು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದರು. ಗಂಟೆಗೆ ನೂರು ಕಿಲೋಮೀಟರ್ ದಾಟಿದವರನ್ನು ಕ್ಯಾಮೆರಾದಲ್ಲಿ ಹಿಡಿದು ದಂಡ ಹಾಕತೊಡಗಿದರು. ಮರುವರ್ಷ ಆ ದಾರಿಯಲ್ಲಿ ಸತ್ತವರ ಸಂಖ್ಯೆ ಎದ್ದು ಕಾಣುವಂತೆ ಇಳಿಯಿತು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. 118 ಕಿಲೋಮೀಟರನ್ನು ಗಂಟೆಗೆ ನೂರರಂತೆ ಹೋದರೆ ಹೆಚ್ಚು ಕಡಿಮೆ 71 ನಿಮಿಷ, ನೂರಿಪ್ಪತ್ತರಂತೆ ಹೋದರೆ 59 ನಿಮಿಷ. ಉಳಿಯುವುದು ಹನ್ನೆರಡು ನಿಮಿಷ. ಢಿಕ್ಕಿಯಾದಾಗ ಕಾರಿನಲ್ಲಿರುವ ಚಲನಶಕ್ತಿ ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ನೂರಕ್ಕಿಂತ ನೂರಿಪ್ಪತ್ತರಲ್ಲಿ ಅದು ಶೇ. 44ರಷ್ಟು ಹೆಚ್ಚು. ಆ ಹನ್ನೆರಡು ನಿಮಿಷ ಉಳಿಸಿಕೊಂಡು ಬಂದವರು ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ತೆವಳುವುದರಲ್ಲಿ ಅದರ ನಾಲ್ಕು ಪಟ್ಟು ಕಳೆಯುತ್ತಾರೆ ಎಂಬುದು ಈ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇ. 71ಕ್ಕೂ ಹೆಚ್ಚು ಸಾವಿಗೆ ಅತಿವೇಗವೇ ಕಾರಣ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಪೊಲೀಸರು ಎಫ್‌ಐಆರ್‌ನಲ್ಲಿ ಸುಲಭಕ್ಕೆ ಬರೆಯುವ ಕಾರಣ ಅದೇ ಎಂದು ಸ್ವಲ್ಪ ಕಳೆದು ನೋಡಿದರೂ ಆ ಸಂಖ್ಯೆ ಸಣ್ಣದಾಗುವುದಿಲ್ಲ.

ನಿಧಾನದಿಂದ ಏನು ಲಾಭ ಎಂಬ ಪ್ರಶ್ನೆಗೆ ರಸ್ತೆಯಷ್ಟು ನೇರವಾದ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಊಟ, ದುಡಿಮೆ, ಆರೋಗ್ಯ, ಕಲೆಯ ವಿಚಾರಕ್ಕೆ ಬಂದರೆ ಉತ್ತರ ಸಿಕ್ಕುಸಿಕ್ಕಾಗುತ್ತದೆ. ಈ ವಿಷಯದ ಮೇಲೆ ಪುಸ್ತಕಗಳು, ಶಿಬಿರಗಳು, ಭಾಷಣಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲು ನಿಧಾನವನ್ನು ಒಂದು ಸ್ವಭಾವ ಎಂದು ಕಂಡು, ಮನಸ್ಸು ಮಾಡಿದರೆ ಯಾರಾದರೂ ನಿಧಾನಿಸಬಹುದು ಎಂದು ಹೇಳುತ್ತವೆ. ನನಗೆ ತಕರಾರಿರುವುದು ಇಲ್ಲೇ. ವೇಗವನ್ನು ನಿಗದಿ ಮಾಡುವುದು ಎಷ್ಟೋ ಸಲ ಓಡುವವನಲ್ಲ, ಓಡಿಸುವವನು.

ಈಗ ಜಗತ್ತಿನೆಲ್ಲೆಡೆ ಕೇಳಿಬರುವ ನಿಧಾನದ ಚಳವಳಿ ಶುರುವಾದದ್ದು ಇಟಲಿಯಲ್ಲಿ. 1986ರಲ್ಲಿ ರೋಮ್ ನಗರದ ಸ್ಪ್ಯಾನಿಷ್ ಮೆಟ್ಟಿಲುಗಳ ಪಕ್ಕದಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ತೆರೆದಾಗ ಅದರ ವಿರುದ್ಧ ದನಿಯೆತ್ತಿದವರಲ್ಲಿ ಕಾರ್ಲೊ ಪೆಟ್ರಿನಿ ಎಂಬ ಪತ್ರಕರ್ತ ಮುಂದಾಳು. 1989ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಸೇರಿ ಸ್ಲೋ ಫುಡ್ ಪ್ರಣಾಳಿಕೆಗೆ ಸಹಿ ಹಾಕಿದರು. ಬಸವನಹುಳು ಅದರ ಚಿಹ್ನೆಯಾಯಿತು. 1999ರಲ್ಲಿ ಇದೇ ವಿಚಾರವನ್ನು ಊರಿಗೆ ಒಗ್ಗಿಸಿ ಚಿತ್ತಾಸ್ಲೋ ಎಂಬ ಪಟ್ಟಣಗಳ ಕೂಟ ಹುಟ್ಟಿತು. ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಮಾತ್ರ ಅಲ್ಲಿ ಪೂರ್ಣ ಸದಸ್ಯತ್ವ. ಪೆಟ್ರಿನಿ ಎಡಪಂಥೀಯ ಹಿನ್ನೆಲೆಯಿಂದ ಬಂದವರು. ಅವರ ಚಳವಳಿ ರುಚಿಯ ಜೊತೆಗೆ ಬೆಳೆಗಾರನಿಗೆ ಸಿಗುವ ಬೆಲೆ, ನಾಡತಳಿಯ ಉಳಿವು, ನೆಲದ ಆರೋಗ್ಯವನ್ನೂ ಕೇಳಿತ್ತು. ನಮ್ಮ ಕಡೆಗೆ ಬರುವಷ್ಟರಲ್ಲಿ ಅದರಲ್ಲಿ ಉಳಿದದ್ದು ಮಲೆನಾಡಿನ ರೆಸಾರ್ಟುಗಳ ಜಾಹೀರಾತು. ಎರಡು ರಾತ್ರಿಗೆ ಇಷ್ಟು ಸಾವಿರ ಕೊಟ್ಟರೆ ಮಳೆ ನೋಡುತ್ತ ಕೂರಬಹುದು. ಕಾಫಿ ತೋಟದಲ್ಲಿ ದುಡಿಯುವವರಿಗೆ ಅದೇ ಮಳೆ ಕೂಲಿ ತಪ್ಪುವ ದಿನ.

ಊಟದ ಮಟ್ಟಿಗೆ ನಮ್ಮ ನಗರದ ಜಾಣ್ಮೆಯೇ ಬೇರೆ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಬಂದಾಗ ಕುರ್ಚಿ ಹೋಯಿತು, ಸಪ್ಲೈಯರ್ ಹೋದ, ಟೋಕನ್ ತಗೊಂಡು ನಿಂತೇ ತಿಂದು ಹೊರಡುವ ಪದ್ಧತಿ ಬಂತು. ಆದರೂ ಐದು ನಿಮಿಷದಲ್ಲಿ ನುಂಗುವ ಆ ಇಡ್ಲಿಯ ಹಿಟ್ಟು ರಾತ್ರಿಯಿಡೀ ಹುಳಿ ಬರಲೇಬೇಕು. ಅಡುಗೆಮನೆಯ ನಿಧಾನ ಹಾಗೇ ಉಳಿದು, ಅವಸರವೆಲ್ಲ ತಿನ್ನುವವನ ಪಾಲಿಗೆ ಬಂತು. ಹೊಟ್ಟೆ ತುಂಬಿದ್ದು ಮೆದುಳಿಗೆ ತಿಳಿಯಲು ಸುಮಾರು ಇಪ್ಪತ್ತು ನಿಮಿಷ ಬೇಕು ಎನ್ನುತ್ತಾರೆ ವೈದ್ಯರು. ಅಷ್ಟರೊಳಗೆ ತಿಂದು ಮುಗಿಸುವವರು ಬೇಕಾದ್ದಕ್ಕಿಂತ ಹೆಚ್ಚು ತಿನ್ನುವುದು ಸಹಜ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಊಟದ ಕ್ರಮ ಹೇಳುವಾಗ ಅತಿ ಬೇಗ ಉಣ್ಣಬಾರದು ಎಂಬ ನಿಯಮದ ಬೆನ್ನಿಗೇ ಅತಿ ನಿಧಾನವಾಗಿಯೂ ಉಣ್ಣಬಾರದು ಎಂಬ ಇನ್ನೊಂದು ನಿಯಮವಿದೆ. ನಿಧಾನವಾದರೆ ಅನ್ನ ಆರುತ್ತದೆ, ತೃಪ್ತಿಯಾಗದೆ ಜಾಸ್ತಿ ಸೇರುತ್ತದೆ ಎಂಬುದು ಅದರ ಕಾರಣ. ನಿಧಾನದ ಪ್ರಚಾರಕರು ಮೊದಲ ನಿಯಮವನ್ನು ಮಾತ್ರ ನೆನೆಯುತ್ತಾರೆ.

ಆರೋಗ್ಯದ ವಿಚಾರದಲ್ಲಿ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಹೋಗುವುದಿಲ್ಲ. 1950ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೃದ್ರೋಗ ತಜ್ಞರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಸದಾ ಗಡಿಬಿಡಿಯ, ಸ್ಪರ್ಧೆಯ ಸ್ವಭಾವದವರಿಗೆ ‘ಟೈಪ್ ಎ’ ಎಂದು ಹೆಸರಿಟ್ಟು, ಹೃದಯಾಘಾತ ಅವರಿಗೆ ಹೆಚ್ಚು ಎಂದರು. ಅವರ ಆಸ್ಪತ್ರೆಯಲ್ಲಿ ಕಾಯುವ ರೋಗಿಗಳ ಕುರ್ಚಿಗಳು ಅಂಚಿನಲ್ಲಷ್ಟೇ ಸವೆದಿದ್ದವು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಮುಂದಿನ ದಶಕಗಳ ಅಧ್ಯಯನಗಳಲ್ಲಿ ಆ ಸಿದ್ಧಾಂತ ಗಟ್ಟಿಯಾಗಿ ನಿಲ್ಲಲಿಲ್ಲ. ಹೃದಯಕ್ಕೆ ಹೆಚ್ಚು ಕೆಡುಕು ಮಾಡುವುದು ಅವಸರವಲ್ಲ, ಕೋಪ ಮತ್ತು ಹಗೆತನ ಎಂಬ ಅಭಿಪ್ರಾಯ ಬಂತು. ಸಿಗರೇಟು ಕಂಪನಿಗಳು ಈ ಸಂಶೋಧನೆಗಳಿಗೆ ಹಣ ಸುರಿದಿದ್ದವು ಎಂಬುದೂ ಆಮೇಲೆ ಬಯಲಾಯಿತು. ರೋಗಕ್ಕೆ ಸ್ವಭಾವವೇ ಕಾರಣ ಎಂದಾದರೆ ಹೊಗೆಯ ಮೇಲಿನ ಆಪಾದನೆ ಹಗುರಾಗುತ್ತದಲ್ಲ!

ನಿಧಾನದ ಪರವಾಗಿ ಬರೆಯುವವರು ಸಾಮಾನ್ಯವಾಗಿ ಮುಟ್ಟದ ಇನ್ನೊಂದು ಅಧ್ಯಯನವಿದೆ. ರಾಬರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಸಂಗಡಿಗರೊಂದಿಗೆ 31 ದೇಶಗಳ ನಗರಗಳಲ್ಲಿ ಮೂರು ಸಂಗತಿಗಳನ್ನು ಅಳೆದರು: ಜನ ಎಷ್ಟು ಬಿರುಸಾಗಿ ನಡೆಯುತ್ತಾರೆ, ಅಂಚೆ ಕಚೇರಿಯ ಗುಮಾಸ್ತ ಒಂದು ಸ್ಟಾಂಪು ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ, ಬ್ಯಾಂಕಿನ ಗೋಡೆ ಗಡಿಯಾರ ಎಷ್ಟು ಸರಿಯಾಗಿದೆ. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸ್ವಿಟ್ಜರ್ಲೆಂಡ್ ಎಲ್ಲಕ್ಕಿಂತ ವೇಗದ ದೇಶ, ಮೆಕ್ಸಿಕೊ ಎಲ್ಲಕ್ಕಿಂತ ನಿಧಾನದ ದೇಶ. ವೇಗದ ಊರುಗಳಲ್ಲಿ ಹೃದ್ರೋಗದ ಸಾವು ಹೆಚ್ಚು, ಸಿಗರೇಟು ಸೇದುವವರೂ ಹೆಚ್ಚು. ಇದು ನಿರೀಕ್ಷಿತ. ಆದರೆ ನಾವು ಸುಖವಾಗಿದ್ದೇವೆ ಎಂದು ಹೇಳಿಕೊಂಡವರೂ ಅಲ್ಲಿಯೇ ಹೆಚ್ಚು. ಕೈಯಲ್ಲಿ ದುಡ್ಡಿರುವ, ಬಸ್ಸು ಹೊತ್ತಿಗೆ ಸರಿಯಾಗಿ ಬರುವ, ಅರ್ಜಿ ಕೊಟ್ಟ ದಿನವೇ ಕೆಲಸವಾಗುವ ಊರಿನಲ್ಲಿ ಜನ ನೆಮ್ಮದಿಯಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ.

ನಮ್ಮ ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಓಡಾಡಿದವರ ಎದುರು ನಿಧಾನವನ್ನು ಹೊಗಳಿ ನೋಡಿ! ಸರ್ಕಾರದ ನಿಧಾನವನ್ನು ಕಡಿಮೆ ಮಾಡಲು ಕರ್ನಾಟಕ 2011ರಲ್ಲಿ ಕಾಯ್ದೆಯನ್ನೇ ಮಾಡಿ, 2012ರಲ್ಲಿ ‘ಸಕಾಲ’ ಎಂಬ ಹೆಸರಿನಲ್ಲಿ ಜಾರಿಗೆ ತರಬೇಕಾಯಿತು. ತಡ ಮಾಡಿದ ನೌಕರನಿಂದ ದಿನಕ್ಕೆ ಇಪ್ಪತ್ತು ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರ ಕೊಡಿಸುವ ಏರ್ಪಾಡು ಅದರಲ್ಲಿದೆ. ದೇಶದ ನ್ಯಾಯಾಲಯಗಳಲ್ಲಿ ಐದು ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ. ಹಾವು ಕಚ್ಚಿದವನಿಗೆ, ಪಾರ್ಶ್ವವಾಯು ಬಡಿದವನಿಗೆ ಒಂದೊಂದು ನಿಮಿಷವೂ ಮುಖ್ಯ. ಹೀಗೆ ವೇಗ ಬೇಕಾದ ಕಡೆ ನಿಧಾನ, ನಿಧಾನ ಬೇಕಾದ ಕಡೆ ವೇಗ ಇರುವುದೇ ನಮ್ಮ ದಿನನಿತ್ಯದ ಪಾಡು.

ಇಷ್ಟೆಲ್ಲ ಕಳೆದ ಮೇಲೂ ನಿಧಾನದ ಪರವಾಗಿ ಗಟ್ಟಿಯಾಗಿ ನಿಲ್ಲುವ ಕೆಲವು ಸಾಕ್ಷ್ಯಗಳಿವೆ. 2001ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಇಟಲಿಯ ವೈದ್ಯರ ತಂಡವೊಂದು ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಟಿಬೆಟಿನ ಮಂತ್ರವನ್ನೂ ಜನರಿಂದ ಹೇಳಿಸಿತು. ಎರಡರಲ್ಲೂ ಉಸಿರಾಟ ತನ್ನಷ್ಟಕ್ಕೆ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯಿತು. ಹೃದಯ ಮತ್ತು ರಕ್ತದೊತ್ತಡವನ್ನು ಸರಿದೂಗಿಸುವ ನರವ್ಯವಸ್ಥೆ ಆಗ ಚುರುಕಾದದ್ದು ಕಂಡುಬಂತು. ದೇವರು ಯಾರಾದರೇನು, ಉಸಿರಿನ ಲೆಕ್ಕ ಒಂದೇ.

ಇನ್ನೊಂದು ಸಾಕ್ಷ್ಯ ಆಪರೇಷನ್ ಕೊಠಡಿಯದು. ಅಮೆರಿಕದ ಶಸ್ತ್ರವೈದ್ಯ ಅತುಲ್ ಗವಾಂಡೆ ಮತ್ತು ಸಂಗಡಿಗರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಒಂದು ತಪಾಸಣಾ ಪಟ್ಟಿ ಸಿದ್ಧಪಡಿಸಿದರು. ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಕಳಿಸುವ ಮುನ್ನ ಎಲ್ಲರೂ ಕೈ ನಿಲ್ಲಿಸಬೇಕು. ರೋಗಿ ಇವರೇ ತಾನೆ, ಎಡಗಾಲೋ ಬಲಗಾಲೋ, ಹತ್ತಿಬಟ್ಟೆ ಎಲ್ಲ ಲೆಕ್ಕಕ್ಕೆ ಸಿಕ್ಕಿತೇ ಎಂದು ಬಾಯಿಬಿಟ್ಟು ಕೇಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದವು. 2009ರಲ್ಲಿ ಪ್ರಕಟವಾದ ವರದಿ ಇದು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಮೂರು ಸಲ ತಡೆದು ನಿಂತದ್ದಕ್ಕೆ ಇಷ್ಟು ಜೀವ ಉಳಿದವು. ಇಲ್ಲೂ ಒಂದು ಸಂಗತಿ ಗಮನಿಸಬೇಕು. ಆ ಪಟ್ಟಿ ಬರುವ ಮೊದಲು ಹಿರಿಯ ಸರ್ಜನ್ ಚಾಕು ಹಿಡಿದ ಮೇಲೆ ‘ಸ್ವಲ್ಪ ತಡೀರಿ ಸಾರ್’ ಎನ್ನುವ ಎದೆಗಾರಿಕೆ ಕಿರಿಯ ನರ್ಸಿಗೆ ಎಲ್ಲಿಂದ ಬರಬೇಕಿತ್ತು? ಆ ಅಧಿಕಾರ ಆಕೆಗೆ ಸಿಕ್ಕಿದ್ದು ಪಟ್ಟಿಯಿಂದ.

ಮೂರನೆಯದು ನಮ್ಮ ನಡತೆಗೆ ಸಂಬಂಧಿಸಿದ್ದು. 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ನಲವತ್ತು ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಲು ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರಿಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲೇ ಒಬ್ಬ ಮನುಷ್ಯ ನರಳುತ್ತ ಕುಸಿದು ಕೂತಿರುವಂತೆ ಏರ್ಪಾಡು ಮಾಡಿದ್ದರು. ಇನ್ನೂ ಹೊತ್ತಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇ. 63 ಮಂದಿ ನಿಂತು ವಿಚಾರಿಸಿದರು. ಈಗಾಗಲೇ ತಡವಾಗಿದೆ ಎಂದು ಅಟ್ಟಿದವರಲ್ಲಿ ನಿಂತವರು ಶೇ. 10. ಪ್ರಯೋಗ ಚಿಕ್ಕದು, ಹಳೆಯದು. ಆದರೂ ಅದು ಹೇಳುವುದು ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತ ಯಾರಿಗೂ ಹೊಸದಲ್ಲ. ಆ ಹುಡುಗರು ಕೆಟ್ಟವರಾಗಿರಲಿಲ್ಲ, ಅವರನ್ನು ಬೇರೊಬ್ಬರು ಅವಸರಕ್ಕೆ ತಳ್ಳಿದ್ದರು.

ಕಲೆಯ ಕಡೆಗೆ ಹೊರಳಿದರೆ ನಿಧಾನ ಎಂದರೇನು ಎಂಬುದು ಕಿವಿಗೇ ಕೇಳಿಸುತ್ತದೆ. ಧಾರವಾಡ ಸೀಮೆಗೆ ಕಿರಾನಾ ಘರಾಣೆ ತಂದ ಉಸ್ತಾದ್ ಅಬ್ದುಲ್ ಕರೀಂ ಖಾನ್, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ, ಇವರ ಪರಂಪರೆಯ ಜೀವ ಇರುವುದು ವಿಲಂಬಿತದಲ್ಲಿ, ಒಂದೊಂದೇ ಸ್ವರವನ್ನು ಬಿಡಿಸುತ್ತ ಹೋಗುವ ಬಢತ್‌ನಲ್ಲಿ. ಬೈಠಕ್ಕಿನಲ್ಲಿ ಒಂದು ಖಯಾಲ್ ಮುಕ್ಕಾಲು ಗಂಟೆ ದಾಟುವುದು ವಿಶೇಷವಲ್ಲ. ಆದರೆ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಅಷ್ಟರೊಳಗೆ ಆಲಾಪ, ಚೀಜ್, ತಾನ್ ಎಲ್ಲ ಮುಗಿಯಬೇಕು. ಮುಂದಿನ ಅರ್ಧ ಶತಮಾನ ದೊಡ್ಡ ದೊಡ್ಡ ಗಾಯಕರೆಲ್ಲ ಈ ಮೂರು ನಿಮಿಷಕ್ಕೆ ತಮ್ಮನ್ನು ಮಡಚಿಕೊಂಡರು. ಅದರಲ್ಲೂ ಚಿನ್ನದಂಥ ಹಾಡುಗಳಿವೆ, ಅಬ್ದುಲ್ ಕರೀಂ ಖಾನರ ತಟ್ಟೆಗಳೇ ಸಾಕ್ಷಿ. ಆದರೆ ಅವರ ವಿಲಂಬಿತದ ಪೂರ್ಣ ವಿಸ್ತಾರ ನಮಗೆ ಸಿಗದೇ ಹೋಯಿತು. ಲಯವನ್ನು ತೀರ್ಮಾನಿಸಿದ್ದು ಉಸ್ತಾದರಲ್ಲ, ಅರಗಿನ ತಟ್ಟೆ. ಎಲ್‌ಪಿ ಬಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಸಿಕ್ಕ ಮೇಲೆ ಗಾಯಕರು ಮತ್ತೆ ಉಸಿರಾಡಿದರು. ಈಗಿನ ಮೂವತ್ತು ಸೆಕೆಂಡಿನ ರೀಲ್‌ಗೆ ಹಾಡುವ ಮಕ್ಕಳ ಕಷ್ಟ ಇದರ ಮುಂದಿನ ಅಧ್ಯಾಯ.

ಕರ್ನಾಟಕ ಸಂಗೀತದ ಪಾಠವಾದರೂ ಅಷ್ಟೆ. ಪುರಂದರದಾಸರು ಹಾಕಿಕೊಟ್ಟರೆಂದು ನಂಬಲಾದ ಸರಳೆ ವರಸೆಯನ್ನು ಮಕ್ಕಳು ಒಂದನೇ ಕಾಲದಲ್ಲಿ ಶುರುಮಾಡಿ ಎರಡು, ಮೂರಕ್ಕೆ ಏರುತ್ತಾರೆ. ಮೂರನೇ ಕಾಲಕ್ಕೆ ಹಾರುವ ಆಸೆ ಎಲ್ಲ ಮಕ್ಕಳಿಗೂ. ಕಷ್ಟವಿರುವುದು ಚೌಕಕಾಲದಲ್ಲಿ. ಎರಡು ಏಟುಗಳ ನಡುವಿನ ಬಯಲಲ್ಲಿ ಶ್ರುತಿಯೂ ಜಾರಬಾರದು, ತಾಳವೂ ಓಡಬಾರದು. ವೇಗದಲ್ಲಿ ಮುಚ್ಚಿಹೋಗುವ ತಪ್ಪುಗಳೆಲ್ಲ ಅಲ್ಲಿ ಬೆತ್ತಲಾಗುತ್ತವೆ. ನಿಧಾನಕ್ಕೆ ಸೋಮಾರಿತನ ಎಂದು ಹೆಸರಿಡುವವರು ಒಮ್ಮೆ ಚೌಕಕಾಲದಲ್ಲಿ ಹಾಡಿ ನೋಡಲಿ.

ಕರಾವಳಿಯಲ್ಲಿ ಇದೇ ಪ್ರಶ್ನೆ ಯಕ್ಷಗಾನದ ಚೌಕಿಯಲ್ಲಿ ವರ್ಷಗಳಿಂದ ನಡೆದಿದೆ. ರಾತ್ರಿಯಿಡೀ ಆಡುತ್ತಿದ್ದ ಆಟ ಹಲವು ಮೇಳಗಳಲ್ಲಿ ಕಾಲಮಿತಿಗೆ ಬಂದು, ಸಂಜೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮಂಗಳ ಹಾಡುತ್ತಿದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಎಂಬ ನಿಯಮ ಒಂದು ಕಾರಣ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕ ಇನ್ನೊಂದು. ಪೂರ್ವರಂಗ ಸವೆಯಿತು, ಒಡ್ಡೋಲಗ ಕುಗ್ಗಿತು, ಪಾತ್ರಧಾರಿ ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾಗವತರು ಮುಂದಿನ ಪದ ಎತ್ತುವಂತಾಯಿತು ಎಂದು ಹಿರಿಯರು ಮರುಗುತ್ತಾರೆ. ಅವರ ಮಾತಿನಲ್ಲಿ ನಿಜವಿದೆ. ಆದರೆ ಆರು ತಿಂಗಳ ತಿರುಗಾಟದಲ್ಲಿ ಪ್ರತಿ ರಾತ್ರಿ ಗೆಜ್ಜೆ ಕಟ್ಟುವ ಕಲಾವಿದನಿಗೆ ನಿದ್ದೆ ಸಿಗುವುದೂ ಸಣ್ಣ ವಿಷಯವಲ್ಲ. ನನ್ನ ಮಟ್ಟಿಗೆ ಕಾಲಮಿತಿ ತಪ್ಪಲ್ಲ. ತಪ್ಪಿರುವುದು ರಾತ್ರಿಯಿಡೀ ನಡೆಯಬೇಕಾದ ಪ್ರಸಂಗವನ್ನೇ ಕತ್ತರಿಸಿ ತುರುಕುವುದರಲ್ಲಿ. ಐದು ಗಂಟೆಗೆ ತಕ್ಕ ಪ್ರಸಂಗ ಆರಿಸಿಕೊಂಡರೆ ಒಡ್ಡೋಲಗಕ್ಕೂ ಜಾಗವಿದೆ.

ಜನರಿಗೆ ತಾಳ್ಮೆಯೇ ಇಲ್ಲ ಎಂಬ ದೂರಿಗೆ ಉತ್ತರವೂ ನಮ್ಮ ರಂಗಭೂಮಿಯಲ್ಲಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ ಬೃಹತ್ ಕಾದಂಬರಿ, ಅವಸರದಲ್ಲಿ ಓದಲು ಬಾರದಂಥದ್ದು. ಕೆ.ವೈ. ನಾರಾಯಣಸ್ವಾಮಿ ರಂಗರೂಪ ಬರೆದು, ಸಿ. ಬಸವಲಿಂಗಯ್ಯ ನಿರ್ದೇಶಿಸಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಅದನ್ನು ಒಂಬತ್ತು ಗಂಟೆಯ ನಾಟಕ ಮಾಡಿದರು. ಪ್ರೇಕ್ಷಕರು ರಾತ್ರಿಯಿಡೀ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯುತ್ತ ಬೆಳಗಿನ ಜಾವದವರೆಗೆ ನೋಡಿದರು. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲೂ ಅದು ತುಂಬಿದ ಪ್ರೇಕ್ಷಕರಿಗೆ ನಡೆಯಿತು. ನೋಡಲು ಬಂದವರಲ್ಲಿ ಸಾಫ್ಟ್‌ವೇರ್ ಕಂಪನಿಗಳ ಹುಡುಗ ಹುಡುಗಿಯರಿಗೇನೂ ಕೊರತೆಯಿರಲಿಲ್ಲ.

ಇನ್ನು ದುಡಿಮೆ. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಜನ ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕು ಎಂದರು. 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು ಅದನ್ನು ತೊಂಬತ್ತಕ್ಕೆ ಏರಿಸಿದರು. ಈ ಹರಾಜಿಗೆ ಹಳೆಯ ಲೆಕ್ಕವೊಂದು ಉತ್ತರ ಕೊಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರು ಎಷ್ಟು ಗಂಟೆ ದುಡಿದು ಎಷ್ಟು ತಯಾರಿಸಿದರು ಎಂಬ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ 2014ರಲ್ಲಿ ಮತ್ತೆ ತೆರೆದು ನೋಡಿದರು. ವಾರಕ್ಕೆ ಐವತ್ತು ಗಂಟೆ ಸಮೀಪಿಸಿದ ಮೇಲೆ ಉತ್ಪಾದನೆಯ ಏರಿಕೆ ತಗ್ಗುತ್ತ ಬಂದಿತ್ತು. ಎಪ್ಪತ್ತು ಗಂಟೆ ದುಡಿದವರ ಉತ್ಪಾದನೆ ಐವತ್ತಾರು ಗಂಟೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಹದಿನಾಲ್ಕು ಗಂಟೆ ದಂಡ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2021ರ ಜಂಟಿ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ 35–40 ಗಂಟೆಯವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಐಸ್‌ಲೆಂಡಿನಲ್ಲಿ 2015ರಿಂದ 2019ರವರೆಗೆ ಎರಡೂವರೆ ಸಾವಿರ ನೌಕರರ ವಾರವನ್ನು ಸಂಬಳ ಕಡಿಯದೆ 35–36 ಗಂಟೆಗೆ ಇಳಿಸಿದರು. ಕೆಲಸ ಕೆಡಲಿಲ್ಲ. ಕರ್ನಾಟಕದಲ್ಲಿ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ವಾರದ ಮಿತಿಯನ್ನು 48ಕ್ಕೇ ಇಟ್ಟು, ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಅವಕಾಶ ಕೊಟ್ಟರು.

ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಮುಂದೆ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ಅವಳ ಹಿಂದಿನ ಮೆಷಿನ್ನಿನಿಂದ ಬಟ್ಟೆ ಬಂದು ಬೀಳುತ್ತಲೇ ಇರುತ್ತದೆ, ನೀರು ಕುಡಿಯಲು ಎದ್ದರೂ ಮುಂದೆ ಲೈನ್ ನಿಲ್ಲುತ್ತದೆ. ಅವಳಿಗೆ ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಎನ್ನುವುದು ಗೇಲಿಯಂತೆ ಕೇಳುತ್ತದೆ. ಹತ್ತು ನಿಮಿಷಕ್ಕೆ ತರಕಾರಿ ತಲುಪಿಸುವ ಹುಡುಗನದೂ ಅದೇ ಕಥೆ. ಉಗ್ರಾಣ ಹತ್ತಿರವೇ ಇದೆ, ಹುಡುಗರು ಜೋರಾಗಿ ಓಡಿಸಬೇಕಾಗಿಲ್ಲ ಎಂದು ಕಂಪನಿಗಳು ಹೇಳುತ್ತವೆ. ಅದು ಒಂದು ಮಟ್ಟಿಗೆ ಸರಿ. ಆದರೆ ಸಂಪಾದನೆ ಆರ್ಡರಿನ ಲೆಕ್ಕದ ಮೇಲೆ ನಿಂತಿರುವಾಗ ಯಾರೂ ಹೇಳದಿದ್ದರೂ ಕೈ ತಾನಾಗಿ ಆಕ್ಸಲರೇಟರ್ ತಿರುಗಿಸುತ್ತದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆ ಕಲ್ಯಾಣ ಮಂಡಳಿ ಮತ್ತು ಸಾಮಾಜಿಕ ಭದ್ರತೆಯ ಕಾಯ್ದೆ ತಂದದ್ದು ಒಳ್ಳೆಯ ಹೆಜ್ಜೆ. ಆದರೆ ಆರ್ಡರೊಂದಕ್ಕೆ ಸಿಗುವ ಕೂಲಿ ಏರದೆ ಹುಡುಗನ ಬೈಕು ನಿಧಾನವಾಗದು. ಕೊತ್ತಂಬರಿ ಸೊಪ್ಪು ಹತ್ತರ ಬದಲು ನಲವತ್ತು ನಿಮಿಷಕ್ಕೆ ಬಂದರೆ ಯಾರ ಸಾರೂ ಕೆಡುವುದಿಲ್ಲ.

ಕೊನೆಗೆ ಉಳಿಯುವುದು ಮನೆ. ಭಾನುವಾರ ನಿಧಾನವಾಗಿ ಏಳಬೇಕು, ಪುರವಣಿ ಹಿಡಿದು ಎರಡು ಸಲ ಕಾಫಿ ಕುಡಿಯಬೇಕು ಎಂದು ನಮ್ಮ ಗಂಡಸರು ಆಸೆಪಡುವುದು ಸಹಜ. ಆ ಕಾಫಿ ಎರಡು ಸಲ ಒಲೆಯ ಮೇಲೆ ಬಿಸಿಯಾಗುತ್ತದೆ, ಬಿಸಿ ಮಾಡುವವರು ಎದ್ದು ಎರಡು ಗಂಟೆಯಾಗಿರುತ್ತದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಇದು ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ, ಕೈಹಾಕದವರು ಲೆಕ್ಕದಲ್ಲೇ ಇಲ್ಲ. ನಿಧಾನದ ಬದುಕಿಗೆ ಶಿಬಿರ ಹುಡುಕುತ್ತಿರುವ ಗಂಡಸು ಓದುಗರಲ್ಲಿ ಒಂದು ವಿನಂತಿ: ಮೊದಲು ಮನೆಯಲ್ಲಿ ದಿನಕ್ಕೆ ನೂರು ನಿಮಿಷದ ಕೆಲಸ ನಿಮ್ಮ ಕಡೆಗೆ ಎಳೆದುಕೊಳ್ಳಿ. ಆಗ ಇಬ್ಬರ ಪಾಲೂ ಸಮವಾಗುತ್ತದೆ.